ವಂಶಾವಳಿ ಉಂಟು, ವೃದ್ಧಾಪ್ಯವಿಲ್ಲ

ರೇಸಿನಲ್ಲಿ ಮನೆಮಠ ಕಳೆದುಕೊಂಡವನನ್ನು ಕುರಿತು ಬೆಂಗಳೂರಿನ ಹಳಬರು ‘ಕುದುರೆ ಬಾಲಕ್ಕೆ ಕಟ್ಟಿದ’ ಎನ್ನುವುದುಂಟು. ಆದರೆ ನಿಜವಾಗಿಯೂ ಕುದುರೆಯ ಬಾಲಕ್ಕೆ ಹಣ ಕೊಟ್ಟ ಅರಸನೊಬ್ಬ ನಮ್ಮ ಚರಿತ್ರೆಯಲ್ಲಿದ್ದಾನೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ತನ್ನ ಬರಹದಲ್ಲಿ ಸಾಳುವ ನರಸಿಂಹನ ಬಗ್ಗೆ ಹೀಗೊಂದು ಸಂಗತಿ ದಾಖಲಿಸಿದ್ದಾನೆ: ಹೊರ್ಮುಜ್‌ನಿಂದ ಬರುವ ಕುದುರೆಗಳನ್ನು ಅರಸ ಸಾವಿರ ಪರ್ದಾವೊಗೆ ಮೂರರಂತೆ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಗೆ ಕೊಡುವ ಬೆಲೆಯನ್ನೇ ಕೊಡುತ್ತಿದ್ದ. ವ್ಯಾಪಾರಿಯ ನಷ್ಟಭಯವನ್ನು ನೀಗದಿದ್ದರೆ ಹಡಗುಗಳು ವೈರಿಯ ಬಂದರಿನತ್ತ ತಿರುಗಿಯಾವು ಎಂಬ ಲೆಕ್ಕಾಚಾರ ಈ ಔದಾರ್ಯದ ಹಿಂದೆ ಇದ್ದಿರಬೇಕು.

ಕುದುರೆ ಅಂದು ರಾಜ್ಯದ ಉಳಿವಿನ ಪ್ರಶ್ನೆಯಾಗಿತ್ತು. ಕೃಷ್ಣದೇವರಾಯ ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಅದೇ ನೂನಿಜ್ ಹೇಳುತ್ತಾನೆ. ಇಷ್ಟೊಂದು ಕುದುರೆಗಳು ಏಕೆ ಬೇಕಾದವು? ಯುದ್ಧದಲ್ಲಿ ಮಡಿಯುತ್ತಿದ್ದವು ಎಂಬುದು ಒಂದು ಕಾರಣ. ನಮ್ಮ ಹವೆಯಲ್ಲಿ, ನಮ್ಮ ಆರೈಕೆಯಲ್ಲಿ ಬಾಳುತ್ತಿರಲಿಲ್ಲ ಎಂಬುದು ಇನ್ನೊಂದು. ಹದಿಮೂರನೆಯ ಶತಮಾನದ ಕೊನೆಗೆ ದಕ್ಷಿಣದ ಪೂರ್ವ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಇಲ್ಲಿಯವರು ಕುದುರೆಗೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುತ್ತಾರೆಂದು ಬೆರಗಾಗಿ ಬರೆದಿದ್ದಾನೆ. ಅಶ್ವಶಾಸ್ತ್ರ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಅಭಿನವಚಂದ್ರನಂಥವರು ಅದನ್ನು ಕನ್ನಡದಲ್ಲಿಯೇ ಬರೆದರು. ಆದರೆ ಅರಬ್ಬೀ ಸಮುದ್ರ ದಾಟಿ ಬಂದ ಆ ಸಾವಿರ ಸಾವಿರ ಕುದುರೆಗಳಲ್ಲಿ ಒಂದರ ಹೆಸರೂ, ಒಂದರ ಮರಿಯ ಮರಿಯ ವಿವರವೂ ನಮಗೆ ಉಳಿದಿಲ್ಲ.

ಇದಾದ ಒಂದೂವರೆ ಎರಡು ಶತಮಾನಗಳ ನಂತರ ಇಂಗ್ಲೆಂಡಿನ ಜಮೀನ್ದಾರರು ಪೂರ್ವ ದೇಶಗಳಿಂದ ತರಿಸಿಕೊಂಡ ಕುದುರೆಗಳ ಸಂಖ್ಯೆ ನಮ್ಮ ಅರಸರ ಖರೀದಿಯ ಮುಂದೆ ಏನೇನೂ ಅಲ್ಲ. ಅವುಗಳಲ್ಲಿ ಮೂರು ಗಂಡುಗಳ ಹೆಸರು ಮಾತ್ರ ಇಂದು ರೇಸ್ ಪ್ರಪಂಚದ ಪ್ರತಿಯೊಬ್ಬರ ನಾಲಗೆಯ ಮೇಲಿದೆ. ಒಂದು, ಕ್ಯಾಪ್ಟನ್ ಬೈರ್ಲಿ 1690ರ ಬಾಯ್ನ್ ಕದನದಲ್ಲಿ ಏರಿದ್ದ ‘ಬೈರ್ಲಿ ಟರ್ಕ್’. ಎರಡು, ಅಲೆಪ್ಪೋದಲ್ಲಿ ವ್ಯಾಪಾರಕ್ಕಿದ್ದ ಥಾಮಸ್ ಡಾರ್ಲಿ 1704ರಲ್ಲಿ ಯಾರ್ಕ್‌ಶೈರಿನ ತನ್ನ ಮನೆಗೆ ಕಳುಹಿಸಿದ ‘ಡಾರ್ಲಿ ಅರೇಬಿಯನ್’. ಮೂರು, ಟ್ಯೂನಿಸ್‌ನಿಂದ ಫ್ರಾನ್ಸಿನ ಮೂಲಕ ಇಂಗ್ಲೆಂಡ್ ಸೇರಿದ ‘ಗೊಡೊಲ್ಫಿನ್ ಅರೇಬಿಯನ್’. ಇಂದು ಬೆಂಗಳೂರಿನಲ್ಲಿ ಓಡುವ ಥರೋಬ್ರೆಡ್ ಇರಲಿ, ಟೋಕಿಯೊದಲ್ಲಿ ಓಡುವುದಿರಲಿ, ಅದರ ಪಿತೃವಂಶ ಈ ಮೂರರಲ್ಲಿ ಒಂದನ್ನು ಮುಟ್ಟಲೇಬೇಕು. ನೂರಕ್ಕೆ ಸುಮಾರು ತೊಂಬತ್ತೈದು ಕುದುರೆಗಳ ವಿಷಯದಲ್ಲಿ ಅದು ಡಾರ್ಲಿಯನ್ನೇ ಮುಟ್ಟುತ್ತದೆ.

ಗಂಡುಗಳ ಈ ಕೀರ್ತನೆಯಲ್ಲಿ ತಾಯಂದಿರು ಮರೆಯಾದದ್ದು ಬೇರೆ ಮಾತು. 2012ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದರ ಪ್ರಕಾರ, ಕಡಿಮೆ ದೂರವನ್ನು ಮಿಂಚಿನ ವೇಗದಲ್ಲಿ ಕ್ರಮಿಸುವ ಗುಣಕ್ಕೆ ಕಾರಣವಾದ ಜೀನು ಈ ತಳಿಗೆ ಬಂದದ್ದು ಮರುಭೂಮಿಯ ಗಂಡುಗಳಿಂದಲ್ಲ. ಸುಮಾರು ಮುನ್ನೂರು ವರ್ಷಗಳ ಹಿಂದಿನ, ಬ್ರಿಟನ್ನಿನದೇ ಒಂದು ಹೆಣ್ಣುಕುದುರೆಯಿಂದ. ಆಕೆಯ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಪುಸ್ತಕ ಎಂದೆ. ಕುದುರೆ ಓಡಿಸುವ ಚಟ ಎಲ್ಲ ನಾಡುಗಳಿಗೂ ಇತ್ತು. ಓಡಿದ ಕುದುರೆಯ ಅಪ್ಪ ಅಮ್ಮ ಯಾರೆಂದು ಅಚ್ಚುಹಾಕಿಸಿ, ಆ ದಾಖಲೆಯನ್ನು ಶಾಸನದಷ್ಟು ಪವಿತ್ರವಾಗಿಸಿದ್ದು ಇಂಗ್ಲಿಷರ ಕೆಲಸ. ಎರಡನೆಯ ಚಾರ್ಲ್ಸ್ ದೊರೆ ನ್ಯೂಮಾರ್ಕೆಟ್ಟಿನಲ್ಲಿ ತಾನೇ ಸವಾರಿ ಮಾಡಿ ಪಂದ್ಯಕ್ಕೆ ರಾಜಮರ್ಯಾದೆ ತಂದ. ರಾಣಿ ಆ್ಯನ್ 1711ರಲ್ಲಿ ಆ್ಯಸ್ಕಟ್‌ನ ಬಯಲನ್ನು ತೆರೆದಳು. 1750ರ ಆಸುಪಾಸಿನಲ್ಲಿ ಜಾಕಿ ಕ್ಲಬ್ ಹುಟ್ಟಿತು. 1791ರಲ್ಲಿ ಜೇಮ್ಸ್ ವೆದರ್ಬಿ ‘ಜನರಲ್ ಸ್ಟಡ್ ಬುಕ್’ನ ಮೊದಲ ಆವೃತ್ತಿಯನ್ನು ಹೊರತಂದ. ಆ ಪುಸ್ತಕದ ವಂಶದಲ್ಲಿ ಹುಟ್ಟದ ಕುದುರೆ ಎಷ್ಟೇ ವೇಗವಾಗಿ ಓಡಲಿ, ಅದು ಥರೋಬ್ರೆಡ್ ಅಲ್ಲ. ಜಾತಿಯ ವಿಷಯದಲ್ಲಿ ನಮಗೇನೂ ಪಾಠ ಬೇಕಿರಲಿಲ್ಲವಾದ್ದರಿಂದ ಈ ಕಟ್ಟಳೆ ಭಾರತದಲ್ಲಿ ಬಲುಬೇಗ ಅರ್ಥವಾಯಿತೆಂದು ಕಾಣುತ್ತದೆ!

ಈ ದಾಖಲೆಯ ಶ್ರದ್ಧೆ ಬರೀ ವಂಶಾಭಿಮಾನದಿಂದ ಬಂದದ್ದಲ್ಲ. ಬಾಜಿಯ ಹಣ ಇದ್ದಲ್ಲಿ ಮೋಸವೂ ಇರುತ್ತದೆ. 1844ರ ಎಪ್ಸಮ್ ಡರ್ಬಿಯನ್ನು ‘ರನ್ನಿಂಗ್ ರೇನ್’ ಎಂಬ ಹೆಸರಿನ ಕುದುರೆ ಗೆದ್ದಿತು. ಡರ್ಬಿ ಮೂರು ವರ್ಷದ ಕುದುರೆಗಳಿಗೆ ಮೀಸಲಾದ ಪಂದ್ಯ. ಗೆದ್ದದ್ದು ಹೆಸರು ಬದಲಿಸಿ ತಂದ ನಾಲ್ಕು ವರ್ಷದ ಬೇರೊಂದು ಕುದುರೆ. ಪ್ರಕರಣ ನ್ಯಾಯಾಲಯ ಹತ್ತಿತು, ಎರಡನೆಯದಾಗಿ ಬಂದ ‘ಒರ್ಲ್ಯಾಂಡೊ’ ವಿಜಯಿಯಾಯಿತು. ಇಂದು ಪ್ರತಿ ಮರಿಯ ಕತ್ತಿನಲ್ಲಿ ಮೈಕ್ರೋಚಿಪ್ ಇದೆ, ಅಪ್ಪ ಅಮ್ಮ ಯಾರೆಂದು ಡಿಎನ್‌ಎ ಪರೀಕ್ಷೆ ನಡೆಯುತ್ತದೆ, ಪಾಸ್‌ಪೋರ್ಟ್ ಇದೆ. ಒಂದು ಪ್ರಾಣಿಯ ಹುಟ್ಟಿನ ಬಗ್ಗೆ ಇಷ್ಟು ನಿಖರವಾದ ದಾಖಲೆಯನ್ನು ಮನುಷ್ಯ ಬೇರೆಲ್ಲಿಯೂ ಇಟ್ಟಿರಲಾರ.

ಆ ಕಾಲದ ಮಹಾಕುದುರೆ ‘ಎಕ್ಲಿಪ್ಸ್’. 1764ರ ಏಪ್ರಿಲ್ 1ರ ಸೂರ್ಯಗ್ರಹಣದಂದು ಹುಟ್ಟಿದ್ದರಿಂದ ಆ ಹೆಸರು. ಹದಿನೆಂಟು ಪಂದ್ಯಗಳಲ್ಲಿ ಒಂದರಲ್ಲಿಯೂ ಸೋಲಲಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಎಕ್ಲಿಪ್ಸ್ ಮೊದಲ ಸಲ ಪಂದ್ಯದ ಬಯಲಿಗೆ ಇಳಿದದ್ದು 1769ರಲ್ಲಿ, ತನ್ನ ಐದನೆಯ ವಯಸ್ಸಿನಲ್ಲಿ. ಅಂದಿನ ಪದ್ಧತಿಯೇ ಹಾಗಿತ್ತು: ಬಲಿತ ಕುದುರೆ, ನಾಲ್ಕು ಮೈಲಿಯ ಓಟ, ಒಂದೇ ದಿನ ಎರಡು ಮೂರು ಸುತ್ತು. ಅನಂತರದ ಹತ್ತಿಪ್ಪತ್ತು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. 1776ರ ಸೇಂಟ್ ಲೆಜರ್, 1779ರ ಓಕ್ಸ್, 1780ರ ಡರ್ಬಿ – ಮೂರೂ ಮೂರು ವರ್ಷದ ಎಳೆಯ ಕುದುರೆಗಳಿಗಾಗಿ ಹುಟ್ಟಿದ ಕಡಿಮೆ ದೂರದ ಪಂದ್ಯಗಳು. ಪಂದ್ಯಕ್ಕೆ ಯಾರ ಹೆಸರಿಡಬೇಕೆಂದು ಡರ್ಬಿಯ ಅರ್ಲ್ ಮತ್ತು ಸರ್ ಚಾರ್ಲ್ಸ್ ಬನ್‌ಬರಿ ನಾಣ್ಯ ಚಿಮ್ಮಿದರೆಂಬ ಕಥೆ ಎಲ್ಲರಿಗೂ ಗೊತ್ತು; ಹೆಸರು ಅರ್ಲ್‌ನದಾಯಿತು, ಮೊದಲ ಡರ್ಬಿಯನ್ನು ಗೆದ್ದದ್ದು ಬನ್‌ಬರಿಯ ‘ಡಯೊಮೆಡ್’. ಕಥೆ ರಂಜನೀಯವಾಗಿದೆ. ಅದರ ಹಿಂದಿನ ಅರ್ಥಶಾಸ್ತ್ರ ಮಾತ್ರ ಸರಳ. ಐದು ವರ್ಷ ಮೇವು ಹಾಕಿ ಕಾಯುವುದಕ್ಕಿಂತ ಎರಡು ಮೂರು ವರ್ಷದಲ್ಲಿ ಹಣ ಹಿಂದಿರುಗಿದರೆ ಒಳ್ಳೆಯದಲ್ಲವೆ? ಎರಡು ವರ್ಷದ ಮರಿಗಳ ಪಂದ್ಯವೂ ಬೇಗನೆ ರೂಢಿಯಾಯಿತು.

ಈ ಆತುರವನ್ನು ಹೆಚ್ಚಿಸಿದ ಇನ್ನೊಂದು ಸಂಪ್ರದಾಯವಿದೆ. ಉತ್ತರಾರ್ಧ ಗೋಳದ ಎಲ್ಲ ಥರೋಬ್ರೆಡ್‌ಗಳಿಗೂ ಒಂದೇ ಹುಟ್ಟುಹಬ್ಬ – ಜನವರಿ 1. ಏಪ್ರಿಲ್‌ನಲ್ಲಿ ಹುಟ್ಟಿದ ಮರಿಗೂ ಜನವರಿಯಲ್ಲಿ ಹುಟ್ಟಿದ್ದಕ್ಕೂ ಪಂದ್ಯದ ಕಣದಲ್ಲಿ ವಯಸ್ಸು ಸಮ. ಆದ್ದರಿಂದ ವರ್ಷದ ಆರಂಭದಲ್ಲಿಯೇ ಮರಿ ಬೀಳಬೇಕು. ಹೆಣ್ಣುಕುದುರೆ ಸಹಜವಾಗಿ ಬೆದೆಗೆ ಬರುವುದು ಹಗಲು ಹಿಗ್ಗುವ ವಸಂತದಲ್ಲಿ. ಗರ್ಭದ ಅವಧಿ ಹನ್ನೊಂದು ತಿಂಗಳು. ಲೆಕ್ಕ ಕೂಡಿಬರದಿದ್ದಾಗ ಮನುಷ್ಯ ಲಾಯದಲ್ಲಿ ರಾತ್ರಿಯೂ ವಿದ್ಯುದ್ದೀಪ ಉರಿಸಿ ಅದರ ಮೈಗೆ ವಸಂತ ಬಂತೆಂದು ನಂಬಿಸುತ್ತಾನೆ. ಹದವರಿತ ಎಳೆಯ ವಯಸ್ಸಿನ ತರಬೇತಿ ಮೂಳೆಗಳನ್ನು ಗಟ್ಟಿಗೊಳಿಸುತ್ತದೆ ಎಂದು ವಾದಿಸುವ ಪಶುವೈದ್ಯರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕುದುರೆಯ ಅಸ್ಥಿಪಂಜರ ಪೂರ್ತಿ ಬಲಿಯುವ ಹೊತ್ತಿಗೆ ಬಹಳಷ್ಟು ರೇಸ್ ಕುದುರೆಗಳ ವೃತ್ತಿಜೀವನವೇ ಮುಗಿದಿರುತ್ತದೆ ಎಂಬುದೂ ಅಷ್ಟೇ ನಿಜ.

ಥರೋಬ್ರೆಡ್ ತಳಿಗೆ ಕೃತಕ ಗರ್ಭಧಾರಣೆ ನಿಷಿದ್ಧ. ಗಂಡು ಹೆಣ್ಣುಗಳ ಸಹಜ ಸಂಯೋಗದಿಂದ ಹುಟ್ಟಿದ ಮರಿಗೆ ಮಾತ್ರ ಸ್ಟಡ್ ಬುಕ್ಕಿನಲ್ಲಿ ಸ್ಥಾನ. ಒಂದೇ ಗಂಡಿನ ಸಂತಾನ ಲೋಕವನ್ನೆಲ್ಲ ತುಂಬಿಬಿಡಬಾರದೆಂಬ ಸಮರ್ಥನೆಯನ್ನು ಈ ನಿಯಮಕ್ಕೆ ಕೊಡುತ್ತಾರೆ. ಫಲ ಹಾಗೆ ದೊರೆತಿಲ್ಲ. 2020ರಲ್ಲಿ ಪ್ರಕಟವಾದ, ಹಲವು ದೇಶಗಳ 10,118 ಕುದುರೆಗಳನ್ನು ಪರಿಶೀಲಿಸಿದ ಸಂಶೋಧನೆ ಕಳೆದ ನಾಲ್ಕೂವರೆ ದಶಕಗಳಲ್ಲಿ ಒಳಸಂಬಂಧದ ಪ್ರಮಾಣ ಏರುತ್ತಲೇ ಬಂದಿರುವುದನ್ನು ತೋರಿಸಿತು. ಅವುಗಳಲ್ಲಿ ಶೇ 97ರಷ್ಟು ಕುದುರೆಗಳ ವಂಶಾವಳಿಯಲ್ಲಿ 1961ರಲ್ಲಿ ಹುಟ್ಟಿದ ‘ನಾರ್ದರ್ನ್ ಡ್ಯಾನ್ಸರ್’ನ ಹೆಸರಿದೆ. ಒಂದು ಗಂಡನ್ನು ವರ್ಷಕ್ಕೆ 140ಕ್ಕಿಂತ ಹೆಚ್ಚು ಹೆಣ್ಣುಗಳಿಗೆ ಬಿಡಬಾರದೆಂದು ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ ನಿಯಮ ತಂದಿತು. ತಳಿಗಾರರು ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ಕ್ಲಬ್ಬು ನಿಯಮವನ್ನೇ ಹಿಂತೆಗೆದುಕೊಂಡಿತು. ಸಂಪ್ರದಾಯವೂ ಸಂತೆಯೂ ಎದುರಾದಾಗ ಗೆಲ್ಲುವ ಕುದುರೆ ಯಾವುದೆಂದು ಹೇಳಲು ರೇಸ್ ಪುಸ್ತಕ ಬೇಕಿಲ್ಲ.

ಈ ಆಟ ನಮ್ಮಲ್ಲಿಗೆ ಬಂದದ್ದು ಕಂಪನಿಯವರ ಜೊತೆ. ಮದ್ರಾಸಿನ ಗಿಂಡಿಯಲ್ಲಿ 1777ರಲ್ಲಿಯೇ ಪಂದ್ಯದ ಬಯಲಿತ್ತು, ಅಂದರೆ ಎಪ್ಸಮ್ ಡರ್ಬಿಗಿಂತ ಮೂರು ವರ್ಷ ಮೊದಲು. ಮೈಸೂರಿನಲ್ಲಿ ರೇಸ್ ಕ್ಲಬ್ ಹುಟ್ಟಿದ್ದು 1891ರಲ್ಲಿ. ಹೈದರ್–ಟಿಪ್ಪು ಕಾಲದಲ್ಲಿ ಸೇನೆಗಾಗಿ ಕುದುರೆ ಬೆಳೆಸಿದ ಕುಣಿಗಲ್ಲಿನ ಫಾರಂ ಮುಂದೆ ರೇಸ್ ಕುದುರೆಗಳ ತವರಾಯಿತು. ಸಂಸ್ಥಾನಿಕರಂತೂ ಇದನ್ನು ಮೈಮೇಲೆ ಎಳೆದುಕೊಂಡರು: ರಾಜಪಿಪ್ಲಾದ ಮಹಾರಾಜರ ‘ವಿಂಡ್ಸರ್ ಲ್ಯಾಡ್’ 1934ರಲ್ಲಿ ಎಪ್ಸಮ್ ಡರ್ಬಿಯನ್ನೇ ಗೆದ್ದಿತು; 1943ರ ಮೊದಲ ಇಂಡಿಯನ್ ಡರ್ಬಿ ಬರೋಡದ ಮಹಾರಾಜರ ‘ಪ್ರಿನ್ಸೆಸ್ ಬ್ಯೂಟಿಫುಲ್’ ಪಾಲಾಯಿತು. ಇತಿಹಾಸಕ್ಕೆ ಉಳಿಯುವುದು ಒಡೆಯರ ಹೆಸರು. ಅಮೆರಿಕದಲ್ಲಿಯೂ ಇದೇ ಕಥೆ. 1875ರ ಮೊದಲ ಕೆಂಟಕಿ ಡರ್ಬಿಯಲ್ಲಿ ಓಡಿದ ಹದಿನೈದು ಜಾಕಿಗಳಲ್ಲಿ ಹದಿಮೂರು ಮಂದಿ ಕಪ್ಪುಜನರು; ಗೆದ್ದ ಸವಾರ ಆಲಿವರ್ ಲೂಯಿಸ್; ಆ ಕುದುರೆಯನ್ನು ಪಳಗಿಸಿದ ಆ್ಯನ್ಸೆಲ್ ವಿಲಿಯಮ್ಸನ್ ಗುಲಾಮಗಿರಿಯಲ್ಲಿ ಹುಟ್ಟಿದವನು. ಆಟಕ್ಕೆ ಹಣ ಹರಿದು ಬಂದಂತೆ ಮೂವತ್ತು ನಲವತ್ತು ವರ್ಷಗಳಲ್ಲಿ ಅವರನ್ನು ಕಣದಿಂದಲೇ ಹೊರದಬ್ಬಲಾಯಿತು.

ಈಗ ನಮ್ಮ ಊರಿನ ವಾದಕ್ಕೆ ಬರೋಣ. ರೇಸ್‌ಕೋರ್ಸ್ ಬಗ್ಗೆ ನಾವು ಇಪ್ಪತ್ತು ವರ್ಷಗಳಿಂದ ಜಗಳವಾಡುತ್ತಿರುವುದು ಮೂರು ವಿಷಯಗಳಿಗೆ: ಭೂಮಿ, ತೆರಿಗೆ, ನೀತಿ. ನಗರದ ನಡುವಿನ ಬಯಲಿನ ಗುತ್ತಿಗೆ 2009ರ ಕೊನೆಗೆ ಮುಗಿಯಿತು. ಅಂದಿನಿಂದ ಕಡತಗಳು ವಿಧಾನಸೌಧಕ್ಕೂ ನ್ಯಾಯಾಲಯಕ್ಕೂ ಓಡಾಡಿದವು. ಚೆನ್ನೈಯಲ್ಲಿ 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಗಿಂಡಿಯ ಸುಮಾರು 160 ಎಕರೆಯ ಗುತ್ತಿಗೆಯನ್ನು ರದ್ದುಪಡಿಸಿತು. ಮುಂಬಯಿಯ ಮಹಾಲಕ್ಷ್ಮಿಯಲ್ಲಿ 120 ಎಕರೆ ಉದ್ಯಾನಕ್ಕೆಂದು ಬಿಟ್ಟುಕೊಡುವ ತೀರ್ಮಾನವಾಗಿದೆ. ಬಾಜಿಯ ಪೂರ್ಣ ಮೊತ್ತದ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರಿನಿಂದ ಶೇ 28 ಇದ್ದದ್ದು 2025ರ ಸೆಪ್ಟೆಂಬರಿನಲ್ಲಿ ಶೇ 40ಕ್ಕೆ ಏರಿತು. ಇದು ಜೂಜೇ ಅಲ್ಲವೇ ಎಂಬ ಪ್ರಶ್ನೆಗೆ 1996ರಲ್ಲಿ ಸುಪ್ರೀಂ ಕೋರ್ಟ್ ‘ಕುದುರೆ ಪಂದ್ಯ ಕೌಶಲದ ಆಟ’ ಎಂದು ಉತ್ತರಿಸಿದೆ. ಬೀದಿಯ ಕೊನೆಯ ಮನೆಯ ಹೆಂಗಸಿಗೆ ಆ ಉತ್ತರ ಒಪ್ಪಿಗೆಯಾಗದಿದ್ದರೆ ಆಕೆಯನ್ನು ದೂರಲಾರೆ.

ಈ ಮೂರು ವಾದಗಳಲ್ಲಿ ಕುದುರೆ ಎಲ್ಲಿದೆ?

ಬಹಳ ವರ್ಷಗಳ ಹಿಂದೆ, ಬೆಳಗಿನ ತಾಲೀಮು ಮುಗಿಸಿ ಲಾಯಕ್ಕೆ ಮರಳುವ ಕುದುರೆಗಳನ್ನು ನೋಡಲು ನಾನು ರಸ್ತೆಬದಿಯಲ್ಲಿ ನಿಲ್ಲುತ್ತಿದ್ದೆ. ಬಾಜಿ ಕಟ್ಟಿದವನಲ್ಲ, ಆ ಬೆವರಿದ ಮೈಯ ಹೊಳಪು ನೋಡುವ ಆಸೆ, ಅಷ್ಟೆ. ಹಣೆಯಲ್ಲಿ ಬಿಳಿಯ ಚುಕ್ಕೆಯಿದ್ದ ಕಂದು ಕುದುರೆಯೊಂದು ಕೆಲವು ದಿನ ಕಾಣಲಿಲ್ಲ. ಲಗಾಮು ಹಿಡಿದು ನಡೆಸುತ್ತಿದ್ದ ಸೈಸನನ್ನು ಕೇಳಿದೆ. “ಕಾಲು ಹೋಯ್ತು ಸಾರ್, ಕಳಿಸಿಬಿಟ್ರು” ಎಂದ. ಎಲ್ಲಿಗಪ್ಪಾ ಎಂದರೆ, “ಲಾರಿ ಬಂದಿತ್ತು” ಎಂದಷ್ಟೇ ಹೇಳಿ ಮುಂದೆ ನಡೆದ. ಎಲ್ಲಿಗೆಂದು ಅವನಿಗೂ ತಿಳಿದಿರಲಾರದು. ಎರಡು ವರ್ಷ ಅದರ ಮೈ ಉಜ್ಜಿ, ಅದರ ಪಕ್ಕದಲ್ಲಿಯೇ ಮಲಗಿದವನು ಅವನು.

ಥರೋಬ್ರೆಡ್ ಇಪ್ಪತ್ತೈದು ವರ್ಷ ಬದುಕಬಲ್ಲ ಪ್ರಾಣಿ. ಪಂದ್ಯದ ಕಣದಲ್ಲಿ ಇರುವುದು ನಾಲ್ಕೈದು ವರ್ಷ. ಗೆದ್ದು ಹೆಸರು ಮಾಡಿದ ಕೆಲವು ಮಾತ್ರ ತಳಿ ಬೆಳೆಸಲು ಫಾರಂಗೆ ಹೋಗುತ್ತವೆ. ಉಳಿದವುಗಳಲ್ಲಿ ಕೆಲವು ಪೊಲೀಸ್ ಅಶ್ವದಳಕ್ಕೆ, ಕೆಲವು ಸವಾರಿ ಶಾಲೆಗೆ, ಕೆಲವು ಮದುವೆಯ ಮೆರವಣಿಗೆಗೆ. ಮಿಕ್ಕವು? ಗೆದ್ದವಕ್ಕೂ ಭರವಸೆ ಇಲ್ಲ ಎಂಬುದಕ್ಕೆ ‘ಫರ್ಡಿನಂಡ್’ನ ನಿದರ್ಶನ ಸಾಕು. 1986ರ ಕೆಂಟಕಿ ಡರ್ಬಿಯ ವಿಜಯಿ ಅದು. ತಳಿಗಾಗಿ ಜಪಾನಿಗೆ ಮಾರಾಟವಾಗಿ, ಅಲ್ಲಿ ಬೇಡಿಕೆ ಕುಗ್ಗಿದ ಮೇಲೆ 2002ರಲ್ಲಿ ಕಸಾಯಿಖಾನೆ ಸೇರಿತು. ಆ ಸುದ್ದಿ ಹೊರಬಿದ್ದಾಗ ಅಮೆರಿಕದ ರೇಸ್ ಪ್ರಿಯರು ನಾಚಿದರು. ಕುದುರೆಯನ್ನು ಮಾರುವಾಗ ಮರಳಿ ಕೊಳ್ಳುವ ಹಕ್ಕನ್ನು ಕರಾರಿನಲ್ಲಿ ಬರೆಯುವ ರೂಢಿ ಹರಡಿತು, ನಿವೃತ್ತ ಕುದುರೆಗಳ ಆಶ್ರಯಗಳು ಎದ್ದವು. ಬ್ರಿಟನ್ನಿನಲ್ಲಿ ನಿವೃತ್ತ ರೇಸ್ ಕುದುರೆಗಳಿಗೆ ಬೇರೆ ಕೆಲಸ ಕಲಿಸುವ ಅಧಿಕೃತ ಸಂಸ್ಥೆ 2000ದಿಂದಲೇ ನಡೆಯುತ್ತಿದೆ.

ಚಾವಟಿಯ ಮಾತೂ ಅಷ್ಟೆ. ನಾರ್ವೆ 1982ರಲ್ಲಿಯೇ ಅದನ್ನು ನಿಷೇಧಿಸಿತು. ಬ್ರಿಟನ್ 2023ರಲ್ಲಿ ಸಮತಟ್ಟಿನ ಪಂದ್ಯದಲ್ಲಿ ಆರು ಏಟಿಗೆ ಮಿತಿ ಹಾಕಿ, ಮಿತಿಯನ್ನು ನಾಲ್ಕು ಏಟು ಮೀರಿದರೆ ಗೆದ್ದ ಕುದುರೆಯನ್ನೇ ಅನರ್ಹಗೊಳಿಸುವ ನಿಯಮ ಮಾಡಿತು. ಕ್ಯಾಲಿಫೋರ್ನಿಯಾದ ಸಾಂತಾ ಅನಿತಾ ಬಯಲಿನಲ್ಲಿ 2018ರ ಡಿಸೆಂಬರಿನಿಂದ 2019ರ ಜೂನ್‌ವರೆಗಿನ ಅವಧಿಯಲ್ಲಿ ಮೂವತ್ತು ಕುದುರೆಗಳು ಸತ್ತದ್ದು ಅಲ್ಲಿ ದೊಡ್ಡ ಕೋಲಾಹಲವೆಬ್ಬಿಸಿತು. ರಾಷ್ಟ್ರಮಟ್ಟದ ಕಾಯಿದೆ 2020ರಲ್ಲಿ ಬರಲು ಅದೂ ಒಂದು ಕಾರಣ. ಸಾವುಗಳ ಲೆಕ್ಕ ಜನರ ಕಣ್ಣಿಗೆ ಬಿದ್ದುದರಿಂದ ಕೋಲಾಹಲ ಸಾಧ್ಯವಾಯಿತು ಎಂಬುದನ್ನು ಮರೆಯಬಾರದು.

ರೇಸನ್ನು ಮುಚ್ಚಿಬಿಡಿ ಎಂಬ ಸುಲಭ ಪರಿಹಾರ ಹೇಳುವವರಿಗೆ ನನ್ನದೊಂದು ಪ್ರಶ್ನೆಯಿದೆ. ನಾಳೆ ಬೀಗ ಹಾಕಿದರೆ ಲಾಯಗಳಲ್ಲಿರುವ ಕುದುರೆಗಳನ್ನು ಯಾರು ಸಾಕುತ್ತಾರೆ? ಸೈಸರು, ಲಾಳ ಕಟ್ಟುವವರು, ಸವಾರಿ ಹುಡುಗರು ಎಲ್ಲಿಗೆ ಹೋಗಬೇಕು? ತೆರಿಗೆ ಏರಿಸಿ ಕತ್ತು ಹಿಸುಕಿದರೂ ಫಲ ಅದೇ. ಬಾಜಿ ಕಟ್ಟುವವನು ಟೋಟ್ ಬಿಟ್ಟು ಕಳ್ಳ ಬುಕ್ಕಿಯ ಹತ್ತಿರ ಹೋಗುತ್ತಾನೆ, ಕ್ಲಬ್ಬಿನ ಆದಾಯ ಇಳಿಯುತ್ತದೆ, ಬಹುಮಾನದ ಮೊತ್ತ ಕುಗ್ಗುತ್ತದೆ. ಆಗ ಗೆಲ್ಲದ ಕುದುರೆಗೆ ಹುರುಳಿ ಹಾಕುವ ಮನಸ್ಸು ಒಡೆಯನಿಗೆ ಇನ್ನಷ್ಟು ಬೇಗ ಮುರಿಯುತ್ತದೆ. ಇನ್ನೊಂದೆಡೆ, ಇದು ಶ್ರೇಷ್ಠ ಪರಂಪರೆ, ಕೈ ಹಾಕಬೇಡಿ ಎನ್ನುವ ಕ್ಲಬ್ಬಿನ ಹಿರಿಯರಿಗೂ ಒಂದು ಮಾತು: ಮುನ್ನೂರು ವರ್ಷ ಹುಟ್ಟನ್ನು ಬರೆದಿಟ್ಟವರಿಗೆ ಸಾವನ್ನು ಬರೆಯುವುದು ಕಷ್ಟವೇನಲ್ಲ.

ಇದಕ್ಕೆ ಹೊಸ ಕಾಯಿದೆಯೂ ಬೇಕಿಲ್ಲ. ನಮ್ಮ ರಾಜ್ಯದಲ್ಲಿ ಪಂದ್ಯ ನಡೆಯಬೇಕಾದರೆ 1952ರ ರೇಸ್‌ಕೋರ್ಸ್ ಪರವಾನಗಿ ಕಾಯಿದೆಯಂತೆ ಸರ್ಕಾರದ ಪರವಾನಗಿ ಪಡೆಯಬೇಕು. ಪರವಾನಗಿಗೆ ಷರತ್ತು ವಿಧಿಸುವುದು ಸರ್ಕಾರಕ್ಕೆ ಹೊಸದಲ್ಲ. ಕಣದಿಂದ ಹೊರಹೋಗುವ ಪ್ರತಿ ಕುದುರೆ ಯಾರಿಗೆ, ಯಾವ ಕೆಲಸಕ್ಕೆ ಹೋಯಿತೆಂಬುದನ್ನು ಅದರ ಚಿಪ್ ಸಂಖ್ಯೆಯೊಡನೆ ದಾಖಲಿಸಲಿ. ಕೈ ಬದಲಾದಾಗಲೆಲ್ಲ ಆ ದಾಖಲೆಯೂ ಬದಲಾಗಲಿ. ಟೋಟಿನ ಕಮಿಷನ್ನಿನಲ್ಲಿ ಒಂದು ಪಾಲು, ಬಹುಮಾನದ ಹಣದಲ್ಲಿ ಒಂದು ಪಾಲು ನಿವೃತ್ತ ಕುದುರೆಗಳ ನಿಧಿಗೆ ಹೋಗಲಿ. ಋತುವಿನ ಕೊನೆಗೆ ಎಷ್ಟು ಕುದುರೆ ಗಾಯಗೊಂಡವು, ಎಷ್ಟನ್ನು ಕೊಲ್ಲಬೇಕಾಯಿತು ಎಂಬ ಲೆಕ್ಕವನ್ನು ಕ್ಲಬ್ಬು ಪತ್ರಿಕೆಗಳಿಗೆ ಕೊಡಲಿ. ಪುಣೆಯಲ್ಲಿರುವ ಭಾರತದ ಸ್ಟಡ್ ಬುಕ್ ಪ್ರಾಧಿಕಾರ ಪ್ರತಿ ಮರಿಯ ತಂದೆತಾಯಿಯ ಹೆಸರು ಬರೆಯುವ ಪುಟದಲ್ಲಿ ಕೊನೆಯ ವಿಳಾಸಕ್ಕೂ ಒಂದು ಸಾಲು ಬಿಡಲಿ.

ಎಕ್ಲಿಪ್ಸ್ 1789ರಲ್ಲಿ ಸತ್ತಾಗ ಅದರ ದೇಹವನ್ನು ವೈದ್ಯರು ಬಿಡಿಸಿ ಪರೀಕ್ಷಿಸಿ, ಹೃದಯವನ್ನು ತೂಗಿ ಹದಿನಾಲ್ಕು ಪೌಂಡ್ ಎಂದು ಬರೆದಿಟ್ಟರು. ಅದರ ಅಸ್ಥಿಪಂಜರವನ್ನು ಇಂದಿಗೂ ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜು ಕಾಪಾಡಿಕೊಂಡು ಬಂದಿದೆ. ಹಣೆಯಲ್ಲಿ ಬಿಳಿಯ ಚುಕ್ಕೆಯಿದ್ದ ಆ ಕಂದು ಕುದುರೆಯ ಪಿತೃವಂಶವನ್ನು ಹುಡುಕಿದ್ದರೆ ಅದೂ ಬಹುಶಃ ಎಕ್ಲಿಪ್ಸ್‌ನವರೆಗೆ ಹೋಗುತ್ತಿತ್ತು. ಲಾರಿ ಎಲ್ಲಿಗೆ ಹೋಯಿತೆಂಬುದು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ.